ದಾನಗುಣಕ್ಕೊಂದು ಶಾಲು

ಶ್ರಾವಣದ ಕೊನೆಯ ಭಾನುವಾರದ ಕಾರ್ಯಕ್ರಮಕ್ಕೆ ಶರಣಪ್ಪನವರು ಭಜನಾ ಮಂಡಳಿಯನ್ನು ಕೇಳಿಕೊಂಡದ್ದು ಮೂರೇ ಮಾತು. ಹುಡುಗ ಹುಡುಗಿಯರನ್ನು ಅವರ ತಾಯಿತಂದೆಯರ ಪಕ್ಕದಲ್ಲೇ ಕೂರಿಸಬೇಕು. ಜೀವ ಬೇಡವೆನ್ನಿಸಿದ ಮಕ್ಕಳನ್ನು ಹೇಗೆ ಗುರುತಿಸುವುದು, ಅವರ ಹತ್ತಿರ ಹೇಗೆ ಮಾತಾಡುವುದು ಎಂಬುದನ್ನು ಬಲ್ಲವರೊಬ್ಬರಿಂದ ಹೇಳಿಸಬೇಕು. ಆಹ್ವಾನ ಪತ್ರಿಕೆಯಲ್ಲಿ ‘ಆತ್ಮಹತ್ಯೆಯನ್ನು ತಡೆಯುವುದು ಹೇಗೆ’ ಎಂದು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿಸಬೇಕು.

“ಆ ಶಬ್ದ ಒಂದು ಬ್ಯಾಡ್ರಿ ಮುತ್ಯಾ,” ಎಂದ ಮಂಡಳಿಯ ಅಧ್ಯಕ್ಷ ಜಟ್ಟೆಪ್ಪ. “ಶ್ರಾವಣದಾಗ ಮನಿಮನಿಗಿ ಹಂಚೋ ಪತ್ರಿಕೆ ಅದು. ಮಂದಿ ದೇವರ ಜಗಲಿ ಮ್ಯಾಲ ಇಟ್ಕೊಂತಾರ. ‘ಮನಶ್ಶಾಂತಿ’ ಅಂತ ಹಾಕೋಣ. ಎಲ್ಲಾ ಅದರಾಗೇ ಬಂತು.”

“ಅದರಾಗ ಏನೂ ಬರಂಗಿಲ್ಲ, ಜಟ್ಟೆಪ್ಪ. ಹಲ್ಲುನೋವು ಹೋದ್ರೂ ಮನಶ್ಶಾಂತಿ ಅಂತಾರ.”

ಕೂತವರೆಲ್ಲ ನಕ್ಕರು. ನಗು ಮುಗಿದ ಮೇಲೆ ಪತ್ರಿಕೆಯಲ್ಲಿ ‘ಮನಶ್ಶಾಂತಿ’ ಎಂದೇ ಅಚ್ಚಾಯಿತು.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಗುಲಬರ್ಗಾ, ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಕೃಷ್ಣರಾಜಪುರದ ಬಾಡಿಗೆ ಕೋಣೆಗಳಲ್ಲಿ ನೆಲೆ ನಿಂತ ಕುಟುಂಬಗಳು ಕಟ್ಟಿಕೊಂಡ ಭಜನಾ ಮಂಡಳಿ ಅದು. ರೈಲ್ವೆ ಷೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಶರಣಪ್ಪನವರು ಮಂಡಳಿಯ ಹಿರಿಯರು. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು ‘ಮುತ್ಯಾ’, ಅಂದರೆ ಅಜ್ಜ. ಸೋಮವಾರದ ಭಜನೆಗೆ ಅವರ ದನಿಯೇ ಮೊದಲು ಏಳಬೇಕಾಗಿತ್ತು. ಎರಡು ವರ್ಷದಿಂದ ಆ ದನಿ ಏಳುತ್ತಿರಲಿಲ್ಲ. ತಾಳ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು, ಅಷ್ಟೇ.

ಮಗಳ ಮಗ ಸಂಜುವನ್ನು ಪಿಯುಸಿ ಓದಲೆಂದು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಆ ಹುಡುಗ ತನ್ನ ಕೈಯಾರೆ ತನ್ನ ಬದುಕು ಮುಗಿಸಿಕೊಂಡ. ಊರಿಗೆ ಜ್ವರವೆಂದು ಹೇಳಿ ಕಳಿಸಿದವರು ಮಂಡಳಿಯವರೇ, ಮುತ್ಯಾನ ಮಾನ ಉಳಿಯಲೆಂದು. ಆಮೇಲೆ ಯಾರೂ ಅವರೆದುರು ಸಂಜುವಿನ ಹೆಸರು ಎತ್ತಲಿಲ್ಲ. ಮೊಮ್ಮಗನನ್ನು ಕಳೆದುಕೊಂಡದ್ದು ಒಂದು ದುಃಖವಾದರೆ, ಅವನ ಹೆಸರನ್ನೂ ಕಳೆದುಕೊಂಡದ್ದು ಇನ್ನೊಂದು. ಬೆಳಗಿನ ಪೂಜೆಯಲ್ಲಿ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಶರಣಪ್ಪನವರು ದಿನವೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಮಗೆ ಯಾಕಪ್ಪ ಗೊತ್ತಾಗಲಿಲ್ಲ?

ಗೊತ್ತಾಗಬಹುದಿತ್ತು. ಅದೇ ಅವರ ಎದೆಯೊಳಗಿನ ಮುಳ್ಳು. ಹೋಗುವುದಕ್ಕೆ ಮುಂಚೆ ಸಂಜು ತನ್ನ ಬ್ಯಾಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದ. ಹಬ್ಬಕ್ಕೆ ತಂದ ಅಂಗಿಯನ್ನು ಪೇಪರ್ ಹಾಕುವವನಿಗೆ, ವಾಚನ್ನು ಗೆಳೆಯನಿಗೆ ಕೊಟ್ಟಿದ್ದ. ದಾಸೋಹವೇ ಧರ್ಮವೆಂದು ನಂಬಿದ ಜನ ಇವರು; ಕೊಡುವ ಕೈಯನ್ನು ಕಂಡರೆ ಇವರ ಕಣ್ಣು ತುಂಬಿ ಬರುತ್ತದೆ. ‘ಎಳೆ ವಯಸ್ಸಿಗೇ ಆಸೆ ಬಿಟ್ಟ ಹುಡುಗ, ಶರಣ ಗುಣ’ ಎಂದು ಮಂಡಳಿಗೆ ಮಂಡಳಿಯೇ ಕೊಂಡಾಡಿತ್ತು. ಶರಣಪ್ಪನವರೂ ಹಿಗ್ಗಿದ್ದರು.

ಈಗ ಅವರದೇ ವಠಾರದ ಮಹಡಿಯಲ್ಲಿದ್ದ ಮುತ್ತಣ್ಣನ ಮಗಳು ರಶ್ಮಿ ಕೊಡಲು ಶುರುಮಾಡಿದ್ದಳು.

ಹದಿನೆಂಟರ ಹುಡುಗಿ. ಪಿಯುಸಿಯಲ್ಲಿ ಎರಡನೆಯ ಸಲವೂ ಫೇಲಾಗಿದ್ದಳು. ತನ್ನ ಸೈಕಲ್ಲನ್ನು ಇಸ್ತ್ರಿ ಅಂಗಡಿಯವನ ಮಗಳಿಗೆ ಕೊಟ್ಟಳು. ಬಣ್ಣದ ಡಬ್ಬಿ, ಕುಂಚ, ಬಿಡಿಸಿದ ಚಿತ್ರಗಳನ್ನೆಲ್ಲ ಕೆಳಗಿನ ಮನೆಯ ಮಕ್ಕಳಿಗೆ ಹಂಚಿದಳು. ಶರಣಪ್ಪನವರ ಹೆಂಡತಿ ಪಾರ್ವತೆವ್ವನ ಬಳಿ ಬಂದು ತನ್ನ ಕಾಲುಗೆಜ್ಜೆ ಬಿಚ್ಚಿ ಇಟ್ಟು, “ನಿಮ್ ಮೊಮ್ಮಗಳಿಗೆ ಇರ್ಲಿ ಅಮ್ಮ, ಇನ್ನು ನಂಗ್ಯಾಕೆ?” ಎಂದಳು. ಅವಳು ಹೋದದ್ದೇ ಮುದುಕಿ ಗೆಜ್ಜೆಯನ್ನು ಗಂಡನ ಮುಂದಿಟ್ಟಳು.

ಶರಣಪ್ಪನವರು ಅಂದೇ ಮುತ್ತಣ್ಣನನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. ಮುತ್ತಣ್ಣ ಮಹದೇವಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಂಡಳಿಯಲ್ಲಿ ದಾಸೋಹದ ಉಸ್ತುವಾರಿ ಅವನದೇ.

“ಮುತ್ತಣ್ಣ, ಹುಡುಗಿನ್ನ ಕುಂಡ್ರಿಸ್ಕೊಂಡು ನೇರ ಕೇಳು. ಸಾಯೋ ವಿಚಾರ ಮನಸ್ಸಿನಾಗ ಬಂದದೇನು ಅಂತ ಕೇಳು.”

ಮುತ್ತಣ್ಣನ ಮುಖ ಕಪ್ಪಿಟ್ಟಿತು. “ಏನ್ ಮಾತಾಡ್ತೀರಿ ಮುತ್ಯಾ? ಹಂಗ ಕೇಳಿದ್ರ ಇಲ್ಲದ್ದು ತಲ್ಯಾಗ ಹೊಕ್ಕೀತು. ಫೇಲಾದ ಮ್ಯಾಲ ಆಕಿಗಿ ಬುದ್ಧಿ ಬಂದದ. ಮೊದಲು ಒಂದು ರಿಬ್ಬನ್ ಬಿಟ್ಟು ಕೊಡ್ತಿರಲಿಲ್ಲ, ಈಗ ಸೈಕಲ್ ಕೊಟ್ಟಾಳ. ನಾನೇ ಶಾಬಾಸ್ ಅಂದೀನಿ.”

“ನಮ್ಮ ಸಂಜುಗೂ ಶಾಬಾಸ್ ಅಂದಿದ್ರಿ, ನೀವೆಲ್ಲಾ.”

“ಸಿಟ್ಟಾಗಬ್ಯಾಡ್ರಿ,” ಎಂದು ಮುತ್ತಣ್ಣ ದನಿ ತಗ್ಗಿಸಿದ. “ನಿಮ್ಮ ಮನ್ಯಾಗ ಆಯ್ತು ಅಂತ ಎಲ್ಲಾರ ಮನ್ಯಾಗೂ ಅದನ್ನೇ ಹುಡುಕಬ್ಯಾಡ್ರಿ.”

ಮರುದಿನ ಶರಣಪ್ಪನವರು ಶಿವಾಜಿನಗರದ ಬಸ್ಸು ಹತ್ತಿದರು. ನೊಂದವರ ಮಾತನ್ನು ಫೋನಿನಲ್ಲಿ ಕೇಳುವ ಸಂಸ್ಥೆಯೊಂದು ಬೆನ್ಸನ್ ಟೌನಿನಲ್ಲಿದೆಯೆಂದು ಯಾರೋ ಹೇಳಿದ್ದರು. ಟಿನ್ ಫ್ಯಾಕ್ಟರಿಯ ಬಳಿ ಬಸ್ಸು ನಿಂತಲ್ಲೇ ನಿಂತಿತು, ಶಿವಾಜಿನಗರದಲ್ಲಿ ಇಳಿದರೆ ವಿಳಾಸ ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಬಿಸಿಲಲ್ಲಿ ಬೆವೆತು ಹುಡುಕಿ ತಲುಪಿದಾಗ, ಹಳೆಯ ಹೆಂಚಿನ ಮನೆಯೊಂದರ ಮುಂದಿನ ಕೋಣೆಯಲ್ಲಿ ಶಾಂಭವಿ ಎಂಬ ಹೆಂಗಸು ಕೂತಿದ್ದಳು. ನಲವತ್ತರ ಆಚೀಚೆ ವಯಸ್ಸು, ಸಾದಾ ಹತ್ತಿಸೀರೆ. ಅವರ ಮಾತನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

“ಕೇಳಿದ್ರೆ ಹೊಸದಾಗಿ ಯೋಚನೆ ಹುಟ್ಟಲ್ಲ ಯಜಮಾನ್ರೇ,” ಎಂದಳು. “ಇದ್ದಿದ್ದು ಹೊರಗೆ ಬರುತ್ತೆ, ಅಷ್ಟೇ. ಸುತ್ತಿ ಬಳಸಿ ಕೇಳ್ಬೇಡಿ, ನೇರವಾಗಿ ಕೇಳಿ. ಹೌದು ಅಂದ್ರೆ ಗಾಬರಿ ಬೀಳ್ಬೇಡಿ, ಬೈಬೇಡಿ, ಬುದ್ಧಿ ಹೇಳೋಕೆ ಹೋಗ್ಬೇಡಿ. ಒಬ್ಳನ್ನೇ ಬಿಡ್ಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ. ಭಾನುವಾರ ನಾನು ಬರ್ತೀನಿ, ಆದ್ರೆ ಭಾನುವಾರದವರೆಗೆ ಕಾಯ್ಬೇಡಿ. ಇವತ್ತೇ ಕೇಳಿ.”

ಇವತ್ತೇ. ಶರಣಪ್ಪನವರು ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಆ ಪ್ರಶ್ನೆಯನ್ನು ಕಲಿತುಕೊಂಡು ಬಂದರು. ಮಹಡಿ ಹತ್ತಿದರೆ ರಶ್ಮಿಯ ತಾಯಿ ಲಕ್ಷ್ಮಿದೇವಿ ಬಾಗಿಲಲ್ಲೇ ಕೂತು ಅವಲಕ್ಕಿ ಆರಿಸುತ್ತಿದ್ದಳು, ಎದ್ದು ದಾರಿ ಬಿಡಲಿಲ್ಲ. ಅವಳ ಹಿಂದಿನಿಂದ ರಶ್ಮಿ ಇಣುಕಿ, “ಏನ್ ಮುತ್ಯಾ?” ಎಂದಳು. “ಊಟ ಆಯ್ತೇನವ್ವ?” ಎಂದು ಕೇಳಿ ಇಳಿದು ಬಂದರು. ಮರುದಿನವೂ ಹತ್ತಿದರು, ಆಗಲೂ ಊಟವನ್ನೇ ಕೇಳಿದರು. “ದಿನಾ ಊಟ ಕೇಳ್ಲಿಕ್ಕಿ ಮಹಡಿ ಹತ್ತಬೇಕೇನು?” ಎಂದು ಪಾರ್ವತೆವ್ವ ಗೊಣಗಿದಳು. ಆದರೂ ಏನೇನೋ ನೆಪ ತೆಗೆದು ಹುಡುಗಿಯನ್ನು ಕೆಳಗೆ ಕರೆಸಿಕೊಂಡು, ಹೂ ಕಟ್ಟಿಸುತ್ತ, ಅಕ್ಕಿ ಆರಿಸುತ್ತ ಕಣ್ಣಳತೆಯಲ್ಲೇ ಇಟ್ಟುಕೊಂಡವಳು ಅವಳೇ.

ಭಾನುವಾರ ಬಂತು. ಶಾಲೆಯ ಹಾಲ್‌ನಲ್ಲಿ ಕಾರ್ಯಕ್ರಮ, ಹಿಂದಿನ ತಗಡಿನ ಷೆಡ್ಡಿನಲ್ಲಿ ಅಡುಗೆ. ಶರಣಪ್ಪನವರು ಒಳಗೆ ಕಾಲಿಟ್ಟು ನೋಡಿದರೆ ಕುರ್ಚಿಗಳ ತುಂಬ ಬರೀ ನರೆಗೂದಲು, ನಡುವಯಸ್ಸಿನವರು. ಒಂದು ಎಳೆಯ ಮುಖವಿಲ್ಲ.

“ಹುಡುಗರೆಲ್ಲಿ, ಜಟ್ಟೆಪ್ಪ?”

“ದಾಸೋಹದ ಸೇವಾಕ್ಕ ಹಚ್ಚೀವ್ರಿ. ಕಾಯಿಪಲ್ಲೆ ಹೆಚ್ಚಾಕತ್ತಾರ.”

“ಈ ಮಾತು ಕೇಳಬೇಕಾದವ್ರೇ ಅವ್ರು!”

“ಬ್ಯಾಡ್ರಿ. ಎಳೆ ಕಿವಿಗಿ ಅಂಥಾದ್ದೆಲ್ಲ ಬೀಳಬಾರದು. ದೊಡ್ಡವ್ರು ಕೇಳಿ ಮನ್ಯಾಗ ತಿಳಿಸಿ ಹೇಳ್ತಾರ. ನೀವು ಮ್ಯಾಲ ಬರ್ರಿ, ಕುರ್ಚಿ ಹಾಕೀವಿ.”

ಮೈಕು ಆಗಲೇ ಅವರ ಹೆಸರು ಕೂಗುತ್ತಿತ್ತು. ವೇದಿಕೆಯ ಮೇಲೆ ಶಾಂಭವಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಹಾರ ಹಾಕಿಬಿಟ್ಟರು. ಇಂಥ ಕುರ್ಚಿಯಲ್ಲಿ ಒಮ್ಮೆ ಕೂತವನು ಕಟ್ಟಿಹಾಕಿದ ಹಸುವಿನಂತೆ. ವಂದನಾರ್ಪಣೆಯ ತನಕ ಬಿಡುಗಡೆಯಿಲ್ಲ.

ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಸ್ವಾಗತಿಸಿದವರು ಬಂದವರನ್ನಲ್ಲದೆ ಬಾರದವರನ್ನೂ ಹೆಸರು ಹಿಡಿದು ಸ್ವಾಗತಿಸಿದರು. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಆರಿತು. ಫ್ಯಾನು ನಿಲ್ಲಿಸಿ ಹಚ್ಚಿದರು, ಆಮೇಲೆ ಮತ್ತೆ ಆರೀತೆಂದು ಫ್ಯಾನು ಹಾಕಲೇ ಇಲ್ಲ. ಪ್ರಾಸ್ತಾವಿಕ ನುಡಿಯಲ್ಲಿ ಮಂಡಳಿಯ ಹುಟ್ಟಿನಿಂದ ಹಿಡಿದು ಹೊಸ ಜಮಖಾನದ ತನಕ ಎಲ್ಲ ಬಂತು. ಆಮೇಲೆ ಸನ್ಮಾನ ಶುರುವಾಯಿತು. ಶಾಮಿಯಾನ ಕೊಟ್ಟವರಿಗೆ ಶಾಲು, ಹೂವು ಕೊಟ್ಟವರಿಗೆ ಶಾಲು. ಶಾಲು ಹೊದಿಸಿದವರಿಗೆ ಹೊದಿಸಿಕೊಂಡವರಿಂದ ಮತ್ತೊಂದು ಶಾಲು. ಶರಣಪ್ಪನವರ ಕುತ್ತಿಗೆಯ ಹಿಂದೆ ಹಾರದ ನೀರು ಇಳಿಯುತ್ತಿತ್ತು.

“ನಾನು ಯಾವಾಗ ಮಾತಾಡೋದು?” ಎಂದು ಶಾಂಭವಿ ಮೆಲ್ಲಗೆ ಕೇಳಿದಳು. “ಅಂದ್ಹಾಗೆ ಆ ಹುಡುಗಿ ಎಲ್ಲಿ? ಕೇಳಿದ್ರಾ ಅವಳನ್ನ?”

“ಬಾಯಿ ಬರಲಿಲ್ಲ ತಾಯಿ,” ಎಂದರು ಶರಣಪ್ಪನವರು. ಹೇಳುವಾಗ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಜಟ್ಟೆಪ್ಪ ಮೈಕಿನಲ್ಲಿ ಗಂಟಲು ಸರಿಪಡಿಸಿಕೊಂಡ. “ಮಾನ್ಯರೇ, ಈಗ ಒಂದು ವಿಶೇಷ ಸನ್ಮಾನ. ಈ ಕಾಲದ ಮಕ್ಕಳು ಬೇಕು ಬೇಕು ಎನ್ನುವವರು. ನಮ್ಮ ಮಂಡಳಿಯ ಕುಮಾರಿ ರಶ್ಮಿ ಮಾತ್ರ ತನ್ನ ಸೈಕಲ್ಲು, ಬಣ್ಣದ ಡಬ್ಬಿ, ಕೊನೆಗೆ ಕಾಲ ಗೆಜ್ಜೆಯನ್ನೂ ದಾನ ಮಾಡಿ ನಮ್ಮ ಕಣ್ಣು ತೆರೆಸಿದ್ದಾಳೆ. ಆಕೆಗೆ ಹಿರಿಯರಾದ ಶರಣಪ್ಪನವರು ಶಾಲು ಹೊದಿಸಿ ಆಶೀರ್ವದಿಸಬೇಕು.”

ಹಾಲ್ ತುಂಬ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಮುತ್ತಣ್ಣ ಎದ್ದು ನಿಂತು, ಕೈಮುಗಿದು, ಸುತ್ತಲೂ ನೋಡಿದ. ಮಗಳು ಫೇಲಾದಂದಿನಿಂದ ಬಗ್ಗಿದ್ದ ಅವನ ತಲೆ ಅಂದು ನೆಟ್ಟಗಾಗಿತ್ತು. ಪಕ್ಕದ ಬಾಗಿಲಿನಿಂದ ರಶ್ಮಿ ಬಂದಳು. ಈರುಳ್ಳಿ ಹೆಚ್ಚಿದ ಕೈಯನ್ನು ಚೂಡಿದಾರಿಗೆ ಒರೆಸಿಕೊಂಡು, ಕರೆದದ್ದಕ್ಕೆ ಬಂದವಳಂತೆ ಬಂದು ನಿಂತಳು. ಮುಖದಲ್ಲಿ ಸಂಕೋಚವಿಲ್ಲ, ಸಂತೋಷವಿಲ್ಲ. ಚಪ್ಪಾಳೆ ಬೇರೆ ಯಾರಿಗೋ ಬೀಳುತ್ತಿದೆ ಎಂಬಂತಿದ್ದಳು.

ಯಾರೋ ಶರಣಪ್ಪನವರ ಕೈಗೆ ಶಾಲು ತುರುಕಿದರು. ಫೋಟೋ ತೆಗೆಯುವವನು, “ಸ್ವಲ್ಪ ಈ ಕಡೆ ತಿರುಗಿ ಸಾರ್,” ಎಂದ.

ಶರಣಪ್ಪನವರು ತಿರುಗಲಿಲ್ಲ. ಆ ಕೆಂಪು ಶಾಲನ್ನು ನೋಡಿದರು, ಹುಡುಗಿಯ ಗೆಜ್ಜೆಯಿಲ್ಲದ ಕಾಲನ್ನು ನೋಡಿದರು. ಎರಡು ವರ್ಷದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. ಮಂಡಳಿಯ ಮೇಲೆ, ಮುತ್ತಣ್ಣನ ಮೇಲೆ, ಆರದ ದೀಪದ ಮೇಲೆ, ಊಟವಾಯಿತೇ ಎಂದಷ್ಟೇ ಕೇಳಬಲ್ಲ ತಮ್ಮ ನಾಲಗೆಯ ಮೇಲೆ. ಶಾಲನ್ನು ಕುರ್ಚಿಗೆ ಎಸೆದರು. ಹಾರ ಕಿತ್ತು ಮೇಜಿನ ಮೇಲಿಟ್ಟರು. ರಶ್ಮಿಯ ಮುಂಗೈ ಹಿಡಿದು, “ಬಾರವ್ವ” ಎಂದು, ಅವಳು ಬಂದ ಬಾಗಿಲಿನಿಂದಲೇ ಅವಳನ್ನು ಹೊರಗೆ ಕರೆದುಕೊಂಡು ಹೋದರು.

ಹಿಂದೆ ಗುಸುಗುಸು ಎದ್ದಿತು. “ಮುತ್ಯಾಗ ತಲಿ ಕೆಟ್ಟದ,” ಎಂದ ಒಬ್ಬ. “ಪಾಪ, ಮೊಮ್ಮಗಂದು ನೆನಪಾಗಿರಬೇಕು,” ಎಂದಳು ಒಬ್ಬಳು. ಜಟ್ಟೆಪ್ಪ ಗಡಿಬಿಡಿಯಲ್ಲಿ, ಈಗ ಒಂದು ಭಕ್ತಿಗೀತೆ ಎಂದು ಘೋಷಿಸಿದ.

ಷೆಡ್ಡಿನ ಪಕ್ಕದಲ್ಲಿ ಅಕ್ಕಿ ಬೇಳೆಯ ಚೀಲಗಳನ್ನಿಟ್ಟ ಸಣ್ಣ ಕೋಣೆಯಿತ್ತು. ಅಡುಗೆ ನೋಡಿಕೊಳ್ಳುತ್ತಿದ್ದ ಪಾರ್ವತೆವ್ವ ಇಬ್ಬರ ಮುಖ ಕಂಡವಳೇ ಏನೂ ಕೇಳದೆ, ಹುಡುಗರನ್ನು ಅತ್ತ ಕಳಿಸಿ, ತಾನು ಬಾಗಿಲಿಗೆ ಅಡ್ಡವಾಗಿ ನಿಂತಳು. ಶರಣಪ್ಪನವರು ಒಂದು ಚೀಲದ ಮೇಲೆ ಕೂತರು, ಹುಡುಗಿಯನ್ನು ಎದುರಿನ ಚೀಲದ ಮೇಲೆ ಕೂರಿಸಿದರು. ಮನಸ್ಸಿನಲ್ಲೇ ಒಮ್ಮೆ ಶಿವಶಿವಾ ಎಂದರು.

“ರಶ್ಮಿ. ನಿನಗ ಸಾಯಬೇಕು ಅನಿಸಾಕತ್ತದೇನವ್ವ?”

ಪ್ರಶ್ನೆ ಹೊರಗೆ ಬಿದ್ದಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಹಾಲ್‌ನಿಂದ ಹಾರ್ಮೋನಿಯಂ ಕೇಳುತ್ತಿತ್ತು. ರಶ್ಮಿ ಚೀಲದ ಹೊಲಿಗೆಯ ದಾರವನ್ನು ಉಗುರಿನಿಂದ ಎಳೆಯುತ್ತ ಕೂತಿದ್ದಳು. ಅವರು ಮತ್ತೆ ಕೇಳಲಿಲ್ಲ. ಕಾದರು.

“ಹ್ಞೂಂ,” ಎಂದಳು. “ದಿನಾ ಅನ್ಸುತ್ತೆ.”

ಶರಣಪ್ಪನವರು ಶಾಂಭವಿಯ ಮಾತು ನೆನೆದರು. ಬೈಯಬಾರದು, ಬುದ್ಧಿ ಹೇಳಬಾರದು. “ಹೇಳವ್ವ,” ಎಂದರು.

“ಅಪ್ಪಂಗೆ ಹೇಳ್ಬೇಡಿ ಮುತ್ಯಾ.”

“ಆ ಮಾತು ಮಾತ್ರ ನಾ ಕೊಡಂಗಿಲ್ಲ. ನಿನ್ನ ಜೀವಕ್ಕಿಂತ ದೊಡ್ಡ ಗುಟ್ಟು ನನಗ ಇಲ್ಲ. ಬ್ಯಾರೆ ಏನು ಬೇಕಾದ್ರೂ ಕೇಳು.”

ಅವಳು ಒಂದು ಗಳಿಗೆ ಅವರನ್ನು ನೋಡಿದಳು. ಸಿಟ್ಟಾದಳೇನೋ ಎಂದುಕೊಂಡರು. ಆದರೆ ಆ ಕಣ್ಣಲ್ಲಿ ಆವತ್ತು ಮೊದಲ ಸಲ ಯಾರೋ ಇದ್ದರು.

“ಫೇಲಾದ್ಮೇಲೆ ಮನೇಲಿ ಯಾರೂ ನನ್ ಜೊತೆ ಮಾತಾಡ್ತಿರ್ಲಿಲ್ಲ,” ಎಂದಳು. “ಸೈಕಲ್ ಕೊಟ್ಟಾಗ ಅಪ್ಪ ಶಾಬಾಸ್ ಅಂದ್ರು. ಬಣ್ಣ ಕೊಟ್ಟೆ, ಎಲ್ರೂ ಒಳ್ಳೇ ಹುಡುಗಿ ಅಂದ್ರು. ಗೆಜ್ಜೆ ಕೊಟ್ಟಿದ್ದು ಗೊತ್ತಾಗಿ ಸನ್ಮಾನ ಅಂದ್ರು. ನಾನು ಒಂದೊಂದೇ ಬಿಟ್ಕೊಟ್ಟು ಖಾಲಿ ಆಗ್ತಿದ್ರೆ ಎಲ್ರಿಗೂ ಖುಷಿ ಆಗ್ತಿದೆ ಮುತ್ಯಾ. ಪೂರ್ತಿ ಖಾಲಿ ಆದ್ರೆ ಇನ್ನೂ ಖುಷಿ ಪಡ್ತಾರೆ ಅನ್ಕೊಂಡೆ. ಚಪ್ಪಾಳೆ ಕೇಳಿಸ್ತಲ್ಲ ನಿಮ್ಗೂ?”

ಬಾಗಿಲಲ್ಲಿ ಪಾರ್ವತೆವ್ವ ಸೆರಗು ಬಾಯಿಗೊತ್ತಿಕೊಂಡಳು. ಶರಣಪ್ಪನವರ ಗಂಟಲಿಗೆ ಬಂದದ್ದು ಹೆಸರೊಂದೇ, ಸಂಜು. ಅದನ್ನು ನುಂಗಿಕೊಂಡರು. ಈಗ ಎದುರಿಗಿದ್ದವಳು ಇವಳು.

“ಕೇಳಿಸ್ತು,” ಎಂದರು. “ತಪ್ಪು ಚಪ್ಪಾಳಿ ಅದು. ನಾವು ಕುರುಡ್ರು ಇದ್ದೀವಿ ರಶ್ಮಿ, ಆದ್ರ ನೀ ಇರಬಾರದು ಅಂತ ಒಬ್ರೂ ಚಪ್ಪಾಳಿ ಹೊಡದಿಲ್ಲ. ನೀ ನಮಗ ಬೇಕು. ಪಾಸಾದ್ರೂ ಬೇಕು, ಫೇಲಾದ್ರೂ ಬೇಕು.”

ಆಗ ಅವಳು ಅತ್ತಳು. ಪಾರ್ವತೆವ್ವ ಬಂದು ತೊಡೆಯ ಮೇಲೆ ಅವಳ ತಲೆ ಹಾಕಿಕೊಂಡಳು. ಶರಣಪ್ಪನವರ ಹಿಂದೆಯೇ ವೇದಿಕೆ ಇಳಿದು ಬಂದಿದ್ದ ಶಾಂಭವಿ ಒಳಗೆ ಬಂದು, ಸೀರೆ ಧೂಳಾಗುವುದನ್ನು ಲೆಕ್ಕಿಸದೆ ನೆಲದ ಮೇಲೆ ಕೂತಳು. ತಾನು ಯಾರೆಂದು ಹೇಳಿಕೊಂಡಳು. ಅವಸರವಿಲ್ಲದೆ, ಒಂದೊಂದಾಗಿ ಕೆಲವು ಪ್ರಶ್ನೆ ಕೇಳಿದಳು. ರಶ್ಮಿ ಕೆಲವಕ್ಕೆ ಉತ್ತರಿಸಿದಳು, ಕೆಲವಕ್ಕೆ ತಲೆಯಾಡಿಸಿದಳು.

“ಇವತ್ತೇ ಡಾಕ್ಟರ್ ಹತ್ರ ಹೋಗೋಣ,” ಎಂದಳು ಶಾಂಭವಿ. “ನಾನೂ ಜೊತೆಗೆ ಬರ್ತೀನಿ. ಇದು ವಾಸಿ ಆಗುತ್ತೆ ರಶ್ಮಿ. ಈಗ ನಿಂಗೆ ಅದನ್ನ ನಂಬೋಕಾಗ್ದೇ ಇರ್ಬೋದು, ಪರವಾಗಿಲ್ಲ. ಅಲ್ಲೀವರ್ಗೂ ನಿನ್ ಪಕ್ಕ ಯಾರಾದ್ರೂ ಇರ್ತಾರೆ.”

“ನಾ ಇರ್ತೀನಿ,” ಎಂದಳು ಪಾರ್ವತೆವ್ವ. “ಬ್ಯಾಡ ಅಂದ್ರೂ ಇರ್ತೀನಿ.”

ಅಷ್ಟರಲ್ಲಿ ಮುತ್ತಣ್ಣ ನುಗ್ಗಿದ. ಅವನ ಮುಖ ಕೆಂಡವಾಗಿತ್ತು.

“ಮಂದಿ ಮುಂದ ಮಾನ ಕಳದ್ರಿ ಮುತ್ಯಾ! ಇಷ್ಟು ದಿನದ ಮ್ಯಾಲ ನನ್ನ ಮಗಳಿಗಿ ಒಂದು ಒಳ್ಳೆ ಮಾತು ಬಂದಿತ್ತು, ಅದನ್ನೂ ಕಸಗೊಂಡ್ರಿ. ಏ ರಶ್ಮಿ, ಏಳು! ಕಣ್ಣು ಒರಸ್ಕೊ. ವೇದಿಕಿ ಮ್ಯಾಲ ಎಲ್ಲಾರೂ ಕಾಯಾಕತ್ತಾರ.”

“ಕೂಡು, ಮುತ್ತಣ್ಣ.”

“ನಾ ಕೂಡಂಗಿಲ್ಲ!”

“ಕೂಡೋ!” ಎಂದರು ಶರಣಪ್ಪನವರು. ಭಜನೆಯಲ್ಲಿ ಎರಡು ವರ್ಷದಿಂದ ಏಳದ ದನಿ ಅದು. ಹೊರಗೆ ಸೌಟು ತಿರುವುತ್ತಿದ್ದವರು ಕೈ ನಿಲ್ಲಿಸಿದರು. “ನಿನ್ನ ಮಗಳು ಸಾಯಬೇಕು ಅನಕೊಂಡಾಳ. ಈಗ ತನ್ನ ಬಾಯಿಲೇ ಹೇಳ್ಯಾಳ. ಇನ್ನೂ ನಿನಗ ಶಾಲು ಬೇಕೇನು?”

ಮುತ್ತಣ್ಣ ನಕ್ಕಂತೆ ಮಾಡಿದ. ಅದು ನಗುವಾಗಲಿಲ್ಲ. ಮಗಳನ್ನು ನೋಡಿದ. ಅವಳು ಪಾರ್ವತೆವ್ವನ ತೊಡೆಯಿಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು, ಇಲ್ಲವೆನ್ನಲಿಲ್ಲ. ಅವನು ನಿಂತಲ್ಲೇ ಗೋಡೆ ಹಿಡಿದು ಕೆಳಗೆ ಜಾರಿ ಕೂತ.

“ನಿನಗ ಏನು ಕಮ್ಮಿ ಮಾಡೀವಿ?” ಎಂದು ಶುರುಮಾಡಿದ. “ನಾವು ಅಲ್ಲಿಂದ ಇಲ್ಲಿಗಿ ಬಂದು ಹೊಟ್ಟಿ ಬಟ್ಟಿ ಕಟ್ಟಿ...”

“ಈಗ ನೀವು ಮಾತಾಡ್ಬೇಡಿ,” ಎಂದಳು ಶಾಂಭವಿ. “ಆಮೇಲೆ ಮಾತಾಡೋಕೆ ಬೇಕಾದಷ್ಟು ಟೈಮ್ ಇದೆ. ಈಗ ಬರೀ ಕೇಳಿ.”

“ಅಲ್ರಿ, ತಂದಿ ಅಂದ ಮ್ಯಾಲ ನಾ ಹೇಳದೆ...”

ಶರಣಪ್ಪನವರು ಅವನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದರು. ಮುತ್ತಣ್ಣ ಬಾಯಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಒತ್ತಿದರು. ಬುದ್ಧಿ ಹೇಳುವುದೊಂದೇ ಗೊತ್ತಿದ್ದವನಿಗೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಅವರಿಗೆ ಗೊತ್ತಿತ್ತು.

“ಅಪ್ಪ,” ಎಂದಳು ರಶ್ಮಿ, “ನಂಗೆ ಸೈಕಲ್ ಕೊಡೋಕೆ ಇಷ್ಟ ಇರ್ಲಿಲ್ಲ.”

ಹಾಲ್‌ನಲ್ಲಿ ಹಾಡು ಮುಗಿದಿತ್ತು. ಮೈಕಿನಲ್ಲಿ ಜಟ್ಟೆಪ್ಪ, “ದಾಸೋಹದ ಉಸ್ತುವಾರಿ ಮುತ್ತಣ್ಣನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು,” ಎಂದು ಕೂಗಿದ. ಎರಡು ಸಲ ಕೂಗಿದ. ಮೂರನೆಯ ಸಲಕ್ಕೆ ಯಾರೋ ಓಡಿ ಬಂದು ಬಾಗಿಲಲ್ಲಿ ಇಣುಕಿದರು.

“ಬರಂಗಿಲ್ಲ ಅಂತ ಹೇಳ್ರಿ,” ಎಂದ ಮುತ್ತಣ್ಣ, ಅತ್ತ ತಿರುಗದೆ. ಮಗಳ ಕಡೆ ಸರಿದು ಕೂತ. “ಹೇಳವ್ವ. ಸೈಕಲ್ ಕೊಡಾಕ ಇಷ್ಟ ಇರಲಿಲ್ಲ. ಮತ್ತ?”